ಕಿವಿಯಿಂದ ಶುರುವಾಗುವ ರಿಪೇರಿ

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವ ಮನೆಗಾಡಿಗೆ ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲ ಅದರೊಳಗೇ ಇರುತ್ತವೆ. ಗೋಡೆ ಮಾತ್ರ ತೆಳ್ಳಗೆ, ಸಾಮಾನ್ಯವಾಗಿ ಎರಡು ಇಂಚಿನೊಳಗೆ. ಯೆಲ್ಲೊಸ್ಟೋನ್‌ನಂಥ ಎತ್ತರದ ಜಾಗದಲ್ಲಿ ವರ್ಷದ ಯಾವ ತಿಂಗಳಲ್ಲಾದರೂ ರಾತ್ರಿ ನೀರು ಹೆಪ್ಪುಗಟ್ಟಬಹುದು. ಸಿಯಾಟಲ್‌ನಿಂದಲೋ ಬೇ ಏರಿಯಾದಿಂದಲೋ ಟ್ರೇಲರ್ ಬಾಡಿಗೆಗೆ ಹಿಡಿದು ರಜೆಗೆ ಹೊರಡುವ ಕನ್ನಡದ ಸಂಸಾರಗಳಿಗೆ ಇದು ಮೊದಲ ರಾತ್ರಿಯೇ ಗೊತ್ತಾಗಿಬಿಡುತ್ತದೆ. ಆ ಚಳಿಯನ್ನು ಹಿಮ್ಮೆಟ್ಟಿಸಲು ಇರುವುದು ಮಂಚದ ಕೆಳಗೋ ಬಟ್ಟೆಯ ಕಪಾಟಿನ ಬುಡದಲ್ಲೋ ಸೇರಿಸಿಟ್ಟ ಒಂದು ತಗಡಿನ ಪೆಟ್ಟಿಗೆ. ಅದೇ ಪ್ರೊಪೇನ್ ಫರ್ನೆಸ್. ಅದು ಕೈಕೊಟ್ಟಾಗ ದೋಷ ಎಲ್ಲಿದೆ ಎಂದು ಹುಡುಕುವವರ ಕೆಲಸವನ್ನು ಹತ್ತಿರದಿಂದ ನೋಡುತ್ತ ಬಂದಂತೆ ಆ ಕಸುಬಿನ ಮೇಲೆ ನನಗೆ ಗೌರವ ಹೆಚ್ಚುತ್ತಲೇ ಹೋಗಿದೆ.

ಹೆಚ್ಚಿನ ಟ್ರೇಲರ್‌ಗಳಲ್ಲಿ ಕಾಣುವ ಹೆಸರುಗಳು ಎರಡೇ. ಒಂದು ಟೆನೆಸ್ಸಿ ರಾಜ್ಯದ ಡೇಟನ್ ಊರಿನ ಸಬರ್ಬನ್, ಇನ್ನೊಂದು 2014ರಲ್ಲಿ ಡೊಮೆಟಿಕ್ ಕೊಂಡುಕೊಂಡ ಆಟ್‌ವುಡ್. ಮಧ್ಯಮ ಗಾತ್ರದ ಫರ್ನೆಸ್ ಗಂಟೆಗೆ 30,000 ಬಿಟಿಯು ಲೆಕ್ಕದಲ್ಲಿ ಗ್ಯಾಸ್ ಉರಿಸುತ್ತದೆ. ನಮಗೆ ಪರಿಚಯವಿರುವ ಅಳತೆಯಲ್ಲಿ ಹೇಳುವುದಾದರೆ ಒಂಬತ್ತು ಕಿಲೋವಾಟ್‌ಗೆ ಹತ್ತಿರ, ಮೂರು ದೊಡ್ಡ ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿದಷ್ಟು. ಅಷ್ಟು ಬೆಂಕಿ, ಮಕ್ಕಳು ಮಲಗಿರುವ ಮಂಚದ ಕೆಳಗೆ, ಚಲಿಸುವ ಗಾಡಿಯಲ್ಲಿ ಅಲುಗಾಡಿ ಸಡಿಲವಾಗಬಹುದಾದ ಪೈಪು ತಂತಿಗಳ ನಡುವೆ ಉರಿಯಬೇಕು. ಈ ಯಂತ್ರ ಏಕೆ ಇಷ್ಟು ಅನುಮಾನದ ಸ್ವಭಾವದ್ದು ಎಂಬುದು ಇಲ್ಲಿಂದ ಅರ್ಥವಾಗುತ್ತದೆ.

ಒಳಗಿನ ರಚನೆ ಜಾಣತನದ್ದು. ಬೆಂಕಿ ಉರಿಯುವ ಕೋಣೆ ಪೂರ್ತಿ ಮುಚ್ಚಿಕೊಂಡಿರುತ್ತದೆ. ಉರಿಗೆ ಬೇಕಾದ ಗಾಳಿ ಗೋಡೆಯಾಚೆಯಿಂದ ಬರುತ್ತದೆ, ಹೊಗೆಯೂ ಅದೇ ಗೋಡೆಯ ಕಿಂಡಿಯಿಂದ ಆಚೆ ಹೋಗುತ್ತದೆ. ನಾವು ಉಸಿರಾಡುವ ಗಾಳಿ ಆ ಕೋಣೆಯ ಹೊರಮೈಯನ್ನು ಸವರಿ ಬಿಸಿಯಾಗಿ ನೆಲದ ಡಕ್ಟ್‌ಗಳ ಮೂಲಕ ಹರಡುತ್ತದೆ. ಎರಡು ಗಾಳಿಗಳೂ ಎಲ್ಲಿಯೂ ಬೆರೆಯುವುದಿಲ್ಲ. ಆದರೆ ಎರಡನ್ನೂ ಓಡಿಸುವುದು ಒಂದೇ ಮೋಟಾರು. ಅದರ ಸಲಾಕೆ ಎರಡೂ ಕಡೆಗೆ ಚಾಚಿಕೊಂಡಿದ್ದು ಒಂದು ತುದಿಯ ಚಕ್ರ ಉರಿಗೆ ಗಾಳಿ ಊದುತ್ತದೆ, ಇನ್ನೊಂದು ತುದಿಯದು ಮನೆಯೊಳಕ್ಕೆ ಊದುತ್ತದೆ. ಹೀಗಾಗಿ ಮೋಟಾರು ನಿಧಾನವಾದರೆ ಎರಡೂ ಕಡೆ ಒಟ್ಟಿಗೆ ತೊಂದರೆ.

ಥರ್ಮೋಸ್ಟಾಟ್ ಏರಿಸಿದ ಕೂಡಲೇ ಬೆಂಕಿ ಹತ್ತುವುದಿಲ್ಲ. ಮೊದಲು ಬ್ಲೋವರ್ ಮಾತ್ರ ತಿರುಗುತ್ತದೆ. ಹಳೆಯ ಮಾದರಿಗಳಲ್ಲಿ ಅದಕ್ಕೂ ಹತ್ತಿಪ್ಪತ್ತು ಸೆಕೆಂಡು ಕಾಯಬೇಕು. ಬ್ಲೋವರ್ ತನ್ನ ಪೂರ್ಣ ವೇಗದ ಸುಮಾರು ಮುಕ್ಕಾಲು ಪಾಲು ಮುಟ್ಟಿದಾಗ ಅದರ ಗಾಳಿ ಒಂದು ತೆಳ್ಳನೆಯ ಹಲಗೆಯನ್ನು ತಳ್ಳುತ್ತದೆ, ಹಲಗೆಯ ಬುಡದ ಪುಟ್ಟ ಸ್ವಿಚ್ ಒತ್ತಿಕೊಳ್ಳುತ್ತದೆ. ಇದು ಸೇಲ್ ಸ್ವಿಚ್. ಅದೇ ಸಾಲಿನಲ್ಲಿ ಲಿಮಿಟ್ ಸ್ವಿಚ್ ಕೂತಿರುತ್ತದೆ, ಉರಿಯ ಕೋಣೆ ಮಿತಿಮೀರಿ ಕಾದರೆ ತಾನೇ ತೆರೆದುಕೊಳ್ಳುವ ಲೋಹದ ಬಿಲ್ಲೆ. ಇವೆರಡೂ ಒಪ್ಪಿದರೆ ಮಾತ್ರ ವಿದ್ಯುತ್ತು ಸರ್ಕ್ಯೂಟ್ ಬೋರ್ಡನ್ನು ತಲುಪುತ್ತದೆ. ಬೋರ್ಡು ಮತ್ತೆ ಸುಮಾರು 15 ಸೆಕೆಂಡು ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಒಳಗೆ ಹಳೆಯ ಗ್ಯಾಸ್ ಉಳಿದಿದ್ದರೆ ಬ್ಲೋವರ್ ಅದನ್ನು ಊದಿ ಹೊರಹಾಕುತ್ತದೆ. ಆಮೇಲೆ ಗ್ಯಾಸ್ ವಾಲ್ವ್ ತೆರೆಯುವುದು, ಎಲೆಕ್ಟ್ರೋಡ್ ಕಿಡಿ ಹಾರಿಸುವುದು ಎರಡೂ ಒಟ್ಟಿಗೆ ಆಗುತ್ತವೆ. ಏಳು ಸೆಕೆಂಡಿನ ಆಸುಪಾಸಿನಲ್ಲಿ ಜ್ವಾಲೆ ಇದೆ ಎಂಬ ಸುಳಿವು ಸಿಗದಿದ್ದರೆ ಬೋರ್ಡು ವಾಲ್ವ್ ಮುಚ್ಚಿಬಿಡುತ್ತದೆ. ಇಂದಿನ ಬೋರ್ಡುಗಳಲ್ಲಿ ಹೆಚ್ಚಿನವು ಮೂರು ಸಲ ಪ್ರಯತ್ನಿಸಿ, ಆಗಲೂ ಹತ್ತದಿದ್ದರೆ ಕೈಬಿಡುತ್ತವೆ. ಥರ್ಮೋಸ್ಟಾಟನ್ನು ಆರಿಸಿ ಮತ್ತೆ ಹಾಕುವತನಕ ಇನ್ನೊಂದು ಯತ್ನವಿಲ್ಲ.

ಈ ಪ್ರತಿ ಹಂತಕ್ಕೂ ಅದರದೇ ಶಬ್ದವಿದೆ. ಥರ್ಮೋಸ್ಟಾಟಿನ ಸಣ್ಣ ಕ್ಲಿಕ್, ಬ್ಲೋವರ್ ಏರುವ ಗುಂಯ್ ಸದ್ದು, ವಾಲ್ವ್ ತೆರೆಯುವ ಟಕ್, ಕಿಡಿಯ ಚಿಟಿಚಿಟಿ, ಕೊನೆಗೆ ಬೆಂಕಿ ಹತ್ತುವ ಭುಗ್. ಕಸುಬು ಬಲ್ಲವನು ಬಂದ ಕೂಡಲೇ ಪೆಟ್ಟಿಗೆ ಬಿಚ್ಚುವುದಿಲ್ಲ. ಥರ್ಮೋಸ್ಟಾಟ್ ಏರಿಸಲು ಹೇಳಿ, ಎಲ್ಲರನ್ನೂ ಸುಮ್ಮನಿರಿಸಿ, ಕೈಗಡಿಯಾರ ನೋಡುತ್ತ ಕೇಳಿಸಿಕೊಳ್ಳುತ್ತಾನೆ. ಯಾವ ಶಬ್ದದವರೆಗೆ ಬಂದು ಎಲ್ಲಿ ನಿಂತಿತು ಎಂಬುದರಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಬ್ಲೋವರೇ ತಿರುಗದಿದ್ದರೆ ಗ್ಯಾಸಿನ ಕಡೆ ತಲೆ ಹಾಕುವುದೇ ಬೇಡ. ಫ್ಯೂಸು, ಥರ್ಮೋಸ್ಟಾಟು, ಮೋಟಾರು ನೋಡಿದರೆ ಸಾಕು. ಬ್ಲೋವರ್ ತಿರುಗುತ್ತಲೇ ಇದೆ, ಕಿಡಿ ಬರುವುದಿಲ್ಲ ಎಂದರೆ ಎರಡು ಸ್ವಿಚ್‌ಗಳಲ್ಲಿ ಒಂದು ಒಪ್ಪಿಲ್ಲ, ಅಥವಾ ಬೋರ್ಡು ಸತ್ತಿದೆ. ಕಿಡಿ ಬಂದರೂ ಉರಿಯದಿದ್ದರೆ ಗ್ಯಾಸು. ಹತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರಿದರೆ ಜ್ವಾಲೆಯ ಸುಳಿವು ಬೋರ್ಡಿಗೆ ಮುಟ್ಟುತ್ತಿಲ್ಲ. ಈ ಶಿಸ್ತಿಲ್ಲದವರು ಮೊದಲು ಬೋರ್ಡು ಬದಲಿಸುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುವ ಜಾಗದಲ್ಲಿರುತ್ತದೆ. ಹೊಸ ಬೋರ್ಡೂ ಹಳೆಯದರಂತೆಯೇ ಸುಮ್ಮನಿದ್ದಾಗ ವಾಲ್ವ್ ಬದಲಿಸುತ್ತಾರೆ. ಹೀಗೆ ದುಡ್ಡು ಸುರಿಯುವುದಕ್ಕೆ ರಿಪೇರಿ ಎಂಬ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುವ ಕಳ್ಳ ಫರ್ನೆಸ್ಸಿನೊಳಗೆ ಇರುವುದೇ ಇಲ್ಲ. ಅದು ಹೊರಗಿನ ಬ್ಯಾಟರಿ. ಉರಿಯುವುದು ಗ್ಯಾಸೇ ಆದರೂ ಬ್ಲೋವರ್ ಓಡುವುದು 12 ವೋಲ್ಟ್ ಕರೆಂಟಿನಲ್ಲಿ, ಅದೂ ಎಂಟು ಆಂಪಿಯರ್ ಆಸುಪಾಸು ಎಳೆಯುತ್ತ. 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅದರ ಆಯುಷ್ಯ ಕೆಡದಂತೆ ಬಳಸಬಹುದಾದದ್ದು ಸುಮಾರು ಅರ್ಧ. ಚಳಿಯ ರಾತ್ರಿ ಫರ್ನೆಸ್ ಅರ್ಧ ಹೊತ್ತು ಓಡಿದರೂ ಸುಮಾರು ಹನ್ನೆರಡು ಗಂಟೆಯಲ್ಲಿ ಆ ಅರ್ಧ ಮುಗಿಯುತ್ತದೆ. ಅದಕ್ಕೇ ಸಂಜೆ ಚೆನ್ನಾಗಿ ಓಡಿದ ಫರ್ನೆಸ್ ಬೆಳಗಿನ ಜಾವ ನಿಲ್ಲುವುದು. ವೋಲ್ಟೇಜು ಇಳಿದಂತೆ ಬ್ಲೋವರ್ ನಿಧಾನವಾಗುತ್ತದೆ, ಸೇಲ್ ಸ್ವಿಚ್ಚಿನ ಹಲಗೆ ಏಳುವಷ್ಟು ಗಾಳಿ ಬರುವುದಿಲ್ಲ, ಬೆಂಕಿಗೆ ಅಪ್ಪಣೆ ಸಿಗುವುದಿಲ್ಲ. ಮಾಲೀಕನಿಗೆ ಬ್ಲೋವರ್ ತಿರುಗುವುದು ಕೇಳಿಸುತ್ತಿರುತ್ತದೆ, ಆದ್ದರಿಂದ ಕರೆಂಟು ಸರಿಯಿದೆ ಎಂದೇ ಅವನ ನಂಬಿಕೆ. ತಯಾರಕರು ಒಪ್ಪುವ ಕನಿಷ್ಠ ವೋಲ್ಟೇಜು 10.5. ಅದನ್ನು ಅಳೆಯಬೇಕಾದದ್ದು ಬ್ಯಾಟರಿಯ ಬಳಿ ಅಲ್ಲ, ಫರ್ನೆಸ್ಸಿನ ತಂತಿಯಲ್ಲಿ, ಬ್ಲೋವರ್ ಓಡುತ್ತಿರುವಾಗಲೇ. ಸುಮ್ಮನಿರುವ ಬ್ಯಾಟರಿ 12.6 ತೋರಿಸಿ ಮೋಸ ಮಾಡುತ್ತದೆ. ತುಕ್ಕು ಹಿಡಿದ ಒಂದು ಅರ್ಥಿಂಗ್ ಬೋಲ್ಟು ದಾರಿಯಲ್ಲೇ ಎರಡು ವೋಲ್ಟು ತಿಂದುಹಾಕಿರಬಹುದು.

ಕೊಲೊರಾಡೊದ ಬೆಟ್ಟದ ಕ್ಯಾಂಪ್‌ಗ್ರೌಂಡೊಂದರಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಇಂಥ ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಬ್ಲೋವರ್ ಜೋರಾಗಿ ತಿರುಗುತ್ತಿತ್ತು, ಕಿಡಿ ಇರಲಿಲ್ಲ. ಬ್ಲೋವರ್ ಓಡುತ್ತಿರುವಾಗಲೇ ವೋಲ್ಟೇಜು ನೋಡಿದರು, 12.4. ಅಲ್ಲಿಗೆ ಬ್ಯಾಟರಿ ನಿರ್ದೋಷಿ. ನಂತರ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಫರ್ನೆಸ್ಸಿನ ಮೈಗೆ ಹಿಡಿದು ಕೆಂಪು ಕಡ್ಡಿಯನ್ನು ಲಿಮಿಟ್ ಸ್ವಿಚ್ಚಿನ ಒಂದು ಕಾಲಿಗೆ ಮುಟ್ಟಿಸಿದರು, 12 ವೋಲ್ಟ್. ಇನ್ನೊಂದು ಕಾಲಿಗೆ, ಅಲ್ಲೂ 12. ಸೇಲ್ ಸ್ವಿಚ್ಚಿನ ಒಳಬರುವ ಕಾಲಿಗೆ, 12. ಹೊರಹೋಗುವ ಕಾಲಿಗೆ, ಸೊನ್ನೆ. ಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರೇ ಹೊರತು ಏನೂ ಹೇಳಲಿಲ್ಲ. ಪೆಟ್ಟಿಗೆ ಹೊರಗೆಳೆದು ಎರಡು ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಅದರ ಹಲಗೆಯ ಬುಡದಲ್ಲಿ ನಾಯಿಯ ಕೂದಲು ಸುತ್ತಿಕೊಂಡಿತ್ತು, ಎಂಟು ಹತ್ತು ಎಳೆ ಇರಬಹುದು ಅಷ್ಟೆ. ಚಿಮಟದಿಂದ ಒಂದೊಂದನ್ನೇ ಎಳೆದು ತೆಗೆದರು. ಆಮೇಲೆ ಸ್ವಿಚ್ಚನ್ನು ಕಿವಿಯ ಹತ್ತಿರ ಹಿಡಿದು ಬಾಯಿಂದ ಮೆಲ್ಲಗೆ ಊದಿದರು. ಟಿಕ್. ಮತ್ತೆ ಊದಿದರು, ಟಿಕ್. ಸ್ವಿಚ್ಚಿನ ಬೆಲೆ ಹೆಚ್ಚಿನದೇನಲ್ಲ, ಹೊಸದು ಅವರ ಪೆಟ್ಟಿಗೆಯಲ್ಲೇ ಇತ್ತು. ಆದರೂ ಇದು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಅದನ್ನೇ ವಾಪಸ್ಸು ಕೂರಿಸಿದರು. ಹೊಸದನ್ನು ಹಾಕಿ ಬಿಲ್ಲು ಬರೆಯುವುದು ಸುಲಭವಿತ್ತು.

ಲಿಮಿಟ್ ಸ್ವಿಚ್ಚಿನ ತಕರಾರು ಬೇರೆ ರೀತಿಯದು. ಫರ್ನೆಸ್ ಚೆನ್ನಾಗಿ ಹತ್ತಿಕೊಳ್ಳುತ್ತದೆ, ಕೆಲವು ನಿಮಿಷ ಉರಿಯುತ್ತದೆ, ಆರಿ ಬರೀ ಗಾಳಿ ಊದುತ್ತದೆ, ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ. ಸ್ವಿಚ್ಚು ತನ್ನ ಕೆಲಸ ಮಾಡುತ್ತಿದೆ. ಗಾಳಿ ಓಡಾಡುವ ದಾರಿ ಎಲ್ಲೋ ಕಟ್ಟಿದೆ. ಸಾಮಾನು ಜಾಸ್ತಿಯಾಗಿ ಗಾಳಿ ಎಳೆಯುವ ಜಾಲರಿಗೆ ಯಾರೋ ಸೂಟ್‌ಕೇಸ್ ಒತ್ತಿ ಇಟ್ಟಿರುತ್ತಾರೆ, ಇಲ್ಲವೇ ಮಂಚದ ಕೆಳಗೆ ತುಂಬಿದ ಡಬ್ಬಿಗಳ ಭಾರಕ್ಕೆ ಡಕ್ಟ್ ಚಪ್ಪಟೆಯಾಗಿರುತ್ತದೆ.

ಗ್ಯಾಸಿನ ವಿಷಯಕ್ಕೆ ಬಂದರೆ ನಮ್ಮೂರಿನ ಅನುಭವ ಸ್ವಲ್ಪ ದಾರಿ ತಪ್ಪಿಸಬಹುದು. ನಮ್ಮ ಅಡುಗೆಮನೆಯ ಎಲ್‌ಪಿಜಿ ಬ್ಯೂಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಒಲ್ಲೆ ಎನ್ನುತ್ತದೆ. ಅಮೆರಿಕದ ಚಳಿಗೆ ಅದು ನಡೆಯುವುದಿಲ್ಲ. ಅಲ್ಲಿ ಮಾರುವ ಗ್ಯಾಸಿನಲ್ಲಿ ಕನಿಷ್ಠ ಶೇಕಡಾ 90 ಪ್ರೊಪೇನ್ ಇರುತ್ತದೆ, ಅದು ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗೆಂದು ಚಳಿಯಲ್ಲಿ ತೊಂದರೆಯೇ ಇಲ್ಲ ಎನ್ನುವಂತಿಲ್ಲ. ದ್ರವ ಆವಿಯಾಗಲು ಶಾಖ ಬೇಕು, ಆ ಶಾಖ ಬರುವುದು ಸಿಲಿಂಡರಿನ ಗೋಡೆಯಿಂದ. ಸಿಲಿಂಡರು ತಳ ಕಂಡಿದ್ದರೆ ದ್ರವಕ್ಕೆ ತಾಕಿದ ಗೋಡೆಯೂ ಕಡಿಮೆ, ಆವಿಯೂ ಕಡಿಮೆ. ತೂಕ ನೋಡಿದರೆ ಒಳಗೆ ಗ್ಯಾಸು ಉಳಿದಿರುತ್ತದೆ, ಕೊರೆಯುವ ರಾತ್ರಿಯಲ್ಲಿ ಅದು ಫರ್ನೆಸ್ಸಿನ ಹಸಿವಿಗೆ ಸಾಲುವಷ್ಟು ವೇಗದಲ್ಲಿ ಬರುವುದಿಲ್ಲ. ಟ್ರೇಲರಿನ ಮೂತಿಯ ಮೇಲೆ ಕಾಣುವ 20 ಪೌಂಡ್, ಅಂದರೆ ಸುಮಾರು ಒಂಬತ್ತು ಕೆಜಿ ಸಿಲಿಂಡರು ಪೂರ್ತಿ ತುಂಬಿದ್ದರೂ 30,000 ಬಿಟಿಯು ಫರ್ನೆಸ್ ಬಿಡುವಿಲ್ಲದೆ ಉರಿದರೆ ಹದಿನಾಲ್ಕು ಗಂಟೆ ಬಂದೀತು.

ಗ್ಯಾಸಿನ ಒತ್ತಡ ಅಳೆಯುವ ಕ್ರಮ ನನಗೆ ಬಹಳ ಇಷ್ಟವಾದದ್ದು. ಉಪಕರಣಗಳಿಗೆ ಬೇಕಾದದ್ದು 11 ಇಂಚು ನೀರಿನ ಒತ್ತಡ. ಯು ಆಕಾರದ ಪಾರದರ್ಶಕ ಕೊಳವೆಯಲ್ಲಿ ನೀರು ಹಾಕಿ ಒಂದು ತುದಿಯನ್ನು ಗ್ಯಾಸಿಗೆ ಜೋಡಿಸಿದರೆ, ಎರಡು ಬದಿಯ ನೀರಿನ ಮಟ್ಟದಲ್ಲಿ 11 ಇಂಚು ವ್ಯತ್ಯಾಸ ಕಾಣಬೇಕು. ಸುಮಾರು 280 ಮಿಲಿಮೀಟರ್. ನಮ್ಮ ಮನೆಯ ಸಿಲಿಂಡರಿನ ರೆಗ್ಯುಲೇಟರ್ ಕೊಡುವುದೂ ಹತ್ತಿರಹತ್ತಿರ ಅಷ್ಟೇ. ಇಂದು ಬ್ಯಾಟರಿಯಿಂದ ಓಡುವ ಮ್ಯಾನೋಮೀಟರ್‌ಗಳಿವೆ, ಆದರೆ ನೀರಿನ ಕೊಳವೆಯನ್ನೇ ನಂಬುವ ಹಳಬರು ಇನ್ನೂ ಇದ್ದಾರೆ. ನೀರು ಸುಳ್ಳು ಹೇಳಲು ಅದರಲ್ಲಿ ಕೆಡುವಂಥದ್ದೇನೂ ಇಲ್ಲ. ಇಲ್ಲಿಯೂ ಶಿಸ್ತು ಅದೇ: ಬೇರೆ ಉಪಕರಣಗಳನ್ನೂ ಹಚ್ಚಿ ಗ್ಯಾಸು ಹರಿಯುತ್ತಿರುವಾಗಲೇ ಅಳೆಯಬೇಕು. ಇನ್ನು ಕೊಳವೆಯೂ ಮೀಟರೂ ಇಲ್ಲದವರಿಗೆ ಒಂದು ಪರೀಕ್ಷೆ ಇದೆ. ಅಡುಗೆ ಒಲೆ ಹಚ್ಚಿ ನೋಡುವುದು. ಜ್ವಾಲೆ ಗಟ್ಟಿಯಾಗಿ ನೀಲಿಯಾಗಿ ಬಂದರೆ ಗ್ಯಾಸು ಅಲ್ಲಿಯವರೆಗೆ ಬರುತ್ತಿದೆ. ಸಿಲಿಂಡರು ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿಕೊಂಡಿದ್ದರೆ ಅದೂ ಒಲೆಯಲ್ಲೇ ಹೊರಬೀಳುತ್ತದೆ. ಜ್ವಾಲೆ ಬಡವಾಗಿದ್ದರೆ ಸಿಲಿಂಡರಿನ ವಾಲ್ವನ್ನು ಅವಸರದಲ್ಲಿ ತಿರುಗಿಸಿರಬಹುದು. ಅಮೆರಿಕದ ಕನೆಕ್ಟರಿನೊಳಗೆ ಸೋರಿಕೆ ತಡೆಯುವ ಒಂದು ಗುಂಡು ಇರುತ್ತದೆ, ಗ್ಯಾಸು ಒಮ್ಮೆಲೇ ನುಗ್ಗಿದರೆ ಪೈಪು ಕಿತ್ತುಹೋಗಿದೆ ಎಂದು ತಿಳಿದು ಅದು ದಾರಿ ಕಿರಿದು ಮಾಡಿಬಿಡುತ್ತದೆ. ವಾಲ್ವ್ ಮುಚ್ಚಿ, ಸ್ವಲ್ಪ ಕಾದು, ನಿಧಾನವಾಗಿ ತೆರೆದರೆ ಮುಗಿಯಿತು.

ಈ ಯಂತ್ರದಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸುವುದು ಅದು ಬೆಂಕಿಯನ್ನು ಗುರುತಿಸುವ ಬಗೆ. ಕ್ಯಾಮೆರಾ ಇಲ್ಲ, ಶಾಖ ಅಳೆಯುವ ಕಡ್ಡಿಯೂ ಇಲ್ಲ. ಜ್ವಾಲೆಯೊಳಗೆ ಅಯಾನುಗಳಿರುವುದರಿಂದ ಅದು ಅಷ್ಟಿಷ್ಟು ವಿದ್ಯುತ್ತನ್ನು ಹರಿಯಲು ಬಿಡುತ್ತದೆ. ಬೋರ್ಡು ಎಲೆಕ್ಟ್ರೋಡಿಗೆ ಎಸಿ ವೋಲ್ಟೇಜು ಕೊಡುತ್ತದೆ. ಒಂದು ಕಡೆ ತೆಳ್ಳನೆಯ ಕಡ್ಡಿ, ಇನ್ನೊಂದು ಕಡೆ ಬರ್ನರಿನ ಅಗಲವಾದ ಮೈ. ಈ ಅಸಮತೆಯಿಂದಾಗಿ ಕರೆಂಟು ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಹರಿದು, ಎಸಿ ಹೋಗಿ ಡಿಸಿಯ ಅಂಶ ಉಳಿಯುತ್ತದೆ, ಬರೀ ಮೈಕ್ರೊ ಆಂಪಿಯರ್‌ಗಳಷ್ಟು. ತಂತಿ ಎಲ್ಲಾದರೂ ತಾಗಿ ಶಾರ್ಟ್ ಆದರೆ ಹರಿಯುವುದು ಎಸಿ, ಅದಕ್ಕೆ ಬೋರ್ಡು ಮರುಳಾಗುವುದಿಲ್ಲ. ಎಸಿಯನ್ನು ಹೀಗೆ ಡಿಸಿಯಾಗಿ ಮಾಡಬಲ್ಲದ್ದು ಅಲ್ಲಿ ಜ್ವಾಲೆ ಮಾತ್ರ. ಬೆಂಕಿಯೇ ತನ್ನ ಇರುವಿಕೆಗೆ ಸಾಕ್ಷಿ ಹೇಳುವ ಈ ಏರ್ಪಾಟನ್ನು ಯೋಚಿಸಿದವರಿಗೆ ನಮಸ್ಕಾರ ಹಾಕಬೇಕು ಅನ್ನಿಸುತ್ತದೆ. ಸೂಕ್ಷ್ಮ ಹೆಚ್ಚಿದಷ್ಟು ಕೆಡುವುದೂ ಸುಲಭ. ಎಲೆಕ್ಟ್ರೋಡಿನ ತುದಿಗೆ ಬಿಳಿಯ ಪದರ ಕಟ್ಟಿದರೆ, ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ, ಅರ್ಥಿಂಗ್ ಸಡಿಲವಾದರೆ ಆ ಮೈಕ್ರೊ ಆಂಪಿಯರ್ ಬೋರ್ಡನ್ನು ತಲುಪುವುದಿಲ್ಲ. ಕಣ್ಣೆದುರು ಚೆನ್ನಾಗಿ ಉರಿಯುತ್ತಿರುವ ಬೆಂಕಿಯನ್ನು ಬೋರ್ಡು ಇಲ್ಲವೆಂದು ತಿಳಿದು ಆರಿಸುತ್ತದೆ. ತುದಿಯನ್ನು ನಯವಾದ ಉಕ್ಕಿನ ನಾರಿನಿಂದ ಉಜ್ಜಿ, ಕಿಡಿ ಹಾರುವ ಸಂದನ್ನು ಇಂಚಿನ ಎಂಟನೇ ಒಂದು ಭಾಗಕ್ಕೆ, ಅಂದರೆ ಮೂರು ಮಿಲಿಮೀಟರಿನಷ್ಟಕ್ಕೆ ಸರಿಪಡಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬೇಸಿಗೆಯಲ್ಲಿ ನಿಲ್ಲಿಸಿಟ್ಟ ಟ್ರೇಲರಿನಲ್ಲಿ ಇನ್ನೊಂದು ಬಗೆಯ ಒಕ್ಕಲು ಶುರುವಾಗಿರುತ್ತದೆ. ಹೊಗೆಕಿಂಡಿಯೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟುತ್ತದೆ, ಬರ್ನರಿನ ಕೊಳವೆಯಲ್ಲಿ ಜೇಡ ಬಲೆ ನೇಯುತ್ತದೆ. ಗ್ಯಾಸಿನ ವಾಸನೆಗೆ ಜೇಡ ಬರುತ್ತದೆ ಎಂದು ಮೆಕ್ಯಾನಿಕ್‌ಗಳು ಹೇಳುವುದನ್ನು ನಕ್ಕು ತಳ್ಳಿಹಾಕುವಂತಿಲ್ಲ. 2011ರಲ್ಲಿ ಪೆಟ್ರೋಲಿನ ಆವಿ ಹೋಗುವ ಕೊಳವೆಯಲ್ಲಿ ಹಳದಿ ಜೇಡಗಳು ಬಲೆ ಕಟ್ಟಿದ್ದಕ್ಕೆ ಮಾಜ್ದಾ ಕಂಪನಿ ತನ್ನ ಸಾವಿರಾರು ಕಾರುಗಳನ್ನು ವಾಪಸ್ಸು ಕರೆಸಿಕೊಂಡಿತ್ತು. ಕಿಂಡಿಗೆ ಜಾಲರಿ ಹಾಕಿದರೆ ಹುಳ ಬರುವುದಿಲ್ಲ ನಿಜ. ಆದರೆ ಜಾಲರಿ ಉರಿಯ ಗಾಳಿಯನ್ನು ಕಟ್ಟಬಹುದೆಂದು ತಯಾರಕರು ಎಚ್ಚರಿಸುತ್ತಾರೆ. ಚಳಿಗಾಲಕ್ಕೆ ಮುಂಚೆ ಟಾರ್ಚು ಹಿಡಿದು ಕಿಂಡಿಯೊಳಗೆ ಒಮ್ಮೆ ಇಣುಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಈ ಕೆಲಸದಲ್ಲಿ ಏನು ಮಾಡಬಾರದು ಎಂಬುದನ್ನು ಒಳ್ಳೆಯ ಮೆಕ್ಯಾನಿಕ್ ಬಾಯಿಬಿಟ್ಟು ಹೇಳುತ್ತಾನೆ. ಸೇಲ್ ಸ್ವಿಚ್ಚನ್ನು ತಂತಿಯಿಂದ ಬೆಸೆದುಬಿಟ್ಟರೆ ಫರ್ನೆಸ್ ಹತ್ತುತ್ತದೆ, ಗಾಳಿಯಿಲ್ಲದಾಗಲೂ ಹತ್ತುತ್ತದೆ. ಅಲ್ಲಿಗೆ ಅದರ ವಿವೇಕವನ್ನೇ ಕಿತ್ತುಹಾಕಿದಂತಾಯಿತು. ಉರಿಯ ಕೋಣೆಯ ತಗಡಿನಲ್ಲಿ ಬಿರುಕು ಕಂಡರೆ ಬೆಸುಗೆ ಹಾಕುವ ಮಾತಿಲ್ಲ, ಇಡೀ ಕೋಣೆ ಬದಲಾಗಬೇಕು. ಆ ಬಿರುಕಿನಿಂದ ಒಳಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೊಗೆಕಿಂಡಿಯ ಸುತ್ತ ಮಸಿ ಹಿಡಿದಿದ್ದರೆ ಉರಿ ಸರಿಯಿಲ್ಲ ಎಂದೇ ಅರ್ಥ, ಅಂಥ ಫರ್ನೆಸ್ಸನ್ನು ಆ ರಾತ್ರಿ ಹಚ್ಚದೆ ಕಂಬಳಿ ಹೊದ್ದು ಕಳೆಯಬೇಕು.

ಇದನ್ನು ಕ್ರಮವಾಗಿ ಕಲಿಸುವ ಜಾಗಗಳೂ ಇವೆ. ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ಟ್ರೇಲರ್ ಕಾರ್ಖಾನೆಗಳು ಒತ್ತಾಗಿರುವುದರಿಂದ ಅಲ್ಲೊಂದು ತರಬೇತಿ ಸಂಸ್ಥೆ ಇದೆ, ಟೆಕ್ಸಾಸ್‌ನ ಏಥೆನ್ಸ್ ಎಂಬ ಸಣ್ಣ ಊರಿನಲ್ಲಿ ಇನ್ನೊಂದು. ಕೆಲಸದಿಂದ ನಿವೃತ್ತರಾದ ಎಷ್ಟೋ ಗಂಡಹೆಂಡಿರು ಇದನ್ನು ಕಲಿತು, ತಾವೂ ಟ್ರೇಲರಿನಲ್ಲೇ ಸುತ್ತುತ್ತ, ಕ್ಯಾಂಪಿನಿಂದ ಕ್ಯಾಂಪಿಗೆ ರಿಪೇರಿ ಮಾಡಿಕೊಂಡಿರುತ್ತಾರೆ.

ದೋಷ ಸಿಕ್ಕಿ ಬೆಂಕಿ ಹತ್ತಿದ ಮೇಲೂ ಕೆಲಸ ಮುಗಿಯುವುದಿಲ್ಲ. ಕೊಲೊರಾಡೊದ ಆ ಹಿರಿಯರು ಬಿಚ್ಚಿದ ಪ್ರತಿ ಗ್ಯಾಸ್ ಜೋಡಣೆಗೂ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಥರ್ಮೋಸ್ಟಾಟ್ ಇಳಿಸಿ, ಬೆಂಕಿ ಆರಿದ ಮೇಲೂ ಬ್ಲೋವರ್ ಒಂದೆರಡು ನಿಮಿಷ ಓಡಿ ಉರಿಯ ಕೋಣೆಯನ್ನು ತಣಿಸಿ ತಾನಾಗಿ ನಿಲ್ಲುವತನಕ ಕಾದರು. ಮತ್ತೆ ಏರಿಸಿದರು, ಮತ್ತೆ ಇಳಿಸಿದರು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ, ಅದಕ್ಕೆ ಗ್ಯಾಸ್ ಅಲಾರಾಂ ನೆಲದ ಹತ್ತಿರ ಇರುತ್ತದೆ. ಅದರ ಮುಂದೆ ಮಂಡಿಯೂರಿ ಕೂತು, ಹಿಂಬದಿಯ ತಯಾರಿಕೆಯ ತಾರೀಖು ಓದಿದರು. ಇವುಗಳ ಆಯುಷ್ಯ ಸಾಮಾನ್ಯವಾಗಿ 5ರಿಂದ 7 ವರ್ಷ. ಇದು ಎಂಟು ದಾಟಿತ್ತು. ಫರ್ನೆಸ್ಸಿನ ಕೆಲಸಕ್ಕೆಂದು ಕರೆಸಿದ್ದ ಮಾಲೀಕನಿಗೆ ಅವರು ಮೊದಲು ಹೇಳಿದ್ದು ಆ ಅಲಾರಾಮನ್ನು ನಾಳೆಯೇ ಬದಲಿಸಬೇಕೆಂದು.